ಗಾಳಿಯಿಂದ ತಣಿಯುವ ಎಂಜಿನು

ಬೆಂಕಿಯನ್ನು ಹೊಟ್ಟೆಯಲ್ಲಿರಿಸಿಕೊಂಡು ದುಡಿಯುವ ಯಂತ್ರವನ್ನು ಎಡೆಬಿಡದೆ ತಣಿಸುತ್ತಿರಬೇಕು. ಭಟ್ಕಳ ತಾಲೂಕಿನ ಕಾಯ್ಕಿಣಿಯಲ್ಲಿ ಹೆದ್ದಾರಿಯ ಬದಿಗೆ ನಿಂತು ಹಾದುಹೋಗುವ ಗಾಡಿಗಳನ್ನು ಗಮನಿಸಿದರೆ, ಹೀಗೆ ತಣಿಸುವ ಬಗೆಗಳು ಮುಖ್ಯವಾಗಿ ಎರಡೆಂದು ತಿಳಿಯುತ್ತದೆ. ಲಾರಿ, ಬಸ್ಸು, ಈಗಿನ ಕಾರುಗಳಲ್ಲಿ ಎಂಜಿನಿನ ಸುತ್ತ ನೀರು ಹರಿಯುತ್ತದೆ. ಆ ನೀರು ರೇಡಿಯೇಟರಿಗೆ ಬಂದು ತನ್ನ ಶಾಖವನ್ನು ಗಾಳಿಗೆ ಕೊಟ್ಟು ಹಿಂದಿರುಗುತ್ತದೆ. ಹಳೆಯ ಮೋಟಾರು ಸೈಕಲುಗಳಲ್ಲಿ ನೀರಿನ ನಡುವಣ ಈ ವ್ಯಾಪಾರವಿಲ್ಲ. ಎಂಜಿನು ತನ್ನ ಶಾಖವನ್ನು ನೇರವಾಗಿ ಗಾಳಿಗೇ ಒಪ್ಪಿಸುತ್ತದೆ.

ನೀರಿನಿಂದ ತಣಿಯುವ ಎಂಜಿನಿನ ಉಷ್ಣತೆಯನ್ನು ಕಾಯಲು ಕಾವಲುಗಾರನಿದ್ದಾನೆ. ನೀರು ಸಾಕಷ್ಟು ಕಾದ ಮೇಲೆಯೇ ಥರ್ಮೋಸ್ಟಾಟೆಂಬ ಕವಾಟವು ರೇಡಿಯೇಟರಿನ ದಾರಿಯನ್ನು ತೆರೆಯುತ್ತದೆ. ಮಿತಿಮೀರಿದರೆ ನೀರು ಕುದಿದು ಆವಿಯೆದ್ದು ಎಲ್ಲರಿಗೂ ತಿಳಿಯುತ್ತದೆ. ಗಾಳಿಯಿಂದ ತಣಿಯುವ ಎಂಜಿನಿಗೆ ಇಂಥ ನೆಲೆಯುಂಟೆ? ಅದು ಎಷ್ಟು ಬಿಸಿಯಾಗಿರಬೇಕು? ಎಷ್ಟಾದರೆ ಅಪಾಯ? ಹಳೆಯ ಗಾಡಿಗಳನ್ನು ಇಂದಿಗೂ ಓಡಿಸುವವರು ಮತ್ತೆ ಮತ್ತೆ ಕೇಳುವ ಈ ಪ್ರಶ್ನೆಗೆ ಉತ್ತರವನ್ನು ಭೌತಶಾಸ್ತ್ರದ ಮೊದಲ ಪಾಠಗಳಿಂದಲೇ ಪಡೆಯಬಹುದು. ಅದಕ್ಕಾಗಿ ನಮ್ಮ ನಾಡಿನಲ್ಲೇ ತಯಾರಾದ ಒಂದು ಗಾಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಶಾಖದ ಆಯವ್ಯಯ

ಮೈಸೂರಿನಲ್ಲಿ 1960ರಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಜಾವಾ ಮೋಟಾರು ಸೈಕಲುಗಳನ್ನು ತಯಾರಿಸಿತು. 1973ರಿಂದ ಅವು ಯೆಜ್ದಿ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತಾದರೂ ಅಲ್ಲಿ ಹುಟ್ಟಿದ ಗಾಡಿಗಳನ್ನು ಮಕ್ಕಳಂತೆ ಸಾಕುವವರು ಈಗಲೂ ಇದ್ದಾರೆ. ಆ ಜಾವಾದ ಎಂಜಿನು ಒಂದೇ ಸಿಲಿಂಡರಿನ, 250 ಘನ ಸೆಂಟಿಮೀಟರಿನ, ಟೂ-ಸ್ಟ್ರೋಕ್ ಜಾತಿಯದು. ಸುಮಾರು 12 ಅಶ್ವಶಕ್ತಿಯದು.

ಸಮತಟ್ಟಾದ ದಾರಿಯಲ್ಲಿ ಈ ಗಾಡಿಯು ಗಂಟೆಗೆ 60 ಕಿಲೊಮೀಟರು ವೇಗದಿಂದ ಓಡುತ್ತ, ಒಂದು ಲೀಟರು ಪೆಟ್ರೋಲಿಗೆ 36 ಕಿಲೊಮೀಟರು ಸಾಗುವುದೆಂದು ಇಟ್ಟುಕೊಳ್ಳೋಣ. ಅಂದರೆ ಗಂಟೆಗೆ ಒಂದೂ ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ ಪೆಟ್ರೋಲು ಉರಿಯುತ್ತದೆ. ಒಂದು ಲೀಟರು ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 32 ದಶಲಕ್ಷ ಜೂಲ್. ಗುಣಿಸಿ ಸೆಕೆಂಡುಗಳಿಂದ ಭಾಗಿಸಿದರೆ ಎಂಜಿನಿಗೆ ಸಿಗುವ ಆದಾಯ ಸುಮಾರು 15 ಕಿಲೊವಾಟ್ ಎಂದಾಯಿತು.

ಈ ಆದಾಯವು ಹೇಗೆ ವೆಚ್ಚವಾಗುತ್ತದೆ? ಐದರಲ್ಲಿ ಒಂದು ಪಾಲು ಮಾತ್ರ ಗಾಡಿಯನ್ನು ಮುಂದಕ್ಕೆ ದೂಡುವ ಕೆಲಸವಾಗುತ್ತದೆ. ದೊಡ್ಡ ಪಾಲು ಹೊಗೆಯ ಕೊಳವೆಯಿಂದ ಬಿಸಿ ಅನಿಲವಾಗಿ ಹೊರಟುಹೋಗುತ್ತದೆ. ಉಳಿದುದು, ಕಾಲು ಭಾಗಕ್ಕಿಂತ ತುಸು ಹೆಚ್ಚು, ಸಿಲಿಂಡರು ಮತ್ತು ಅದರ ಹೆಡ್ಡಿನ ಲೋಹದೊಳಕ್ಕೆ ಸೇರುತ್ತದೆ. ಇದು ಸುಮಾರು 4 ಕಿಲೊವಾಟ್. ಬಚ್ಚಲಲ್ಲಿ ನೀರು ಕಾಯಿಸುವ ಒಂದು ಕಿಲೊವಾಟಿನ ವಿದ್ಯುತ್ ಸುರುಳಿಗಳು ನಾಲ್ಕನ್ನು ಒಂದು ಚೊಂಬಿನಷ್ಟು ದೊಡ್ಡ ಲೋಹದ ಮುದ್ದೆಯೊಳಗೆ ಹುದುಗಿಸಿದರೆ ಹೇಗೋ ಹಾಗೆ! ಈ ಶಾಖವೆಲ್ಲ ಪ್ರತಿ ಕ್ಷಣವೂ ಹೊರಗೆ ಹೋಗುತ್ತಿರಬೇಕು. ಒಳಗೆ ಉರಿಯುವ ಅನಿಲದ ಉಷ್ಣತೆ ಗಳಿಗೆಯ ಮಟ್ಟಿಗೆ 2000 ಡಿಗ್ರಿ ಸೆಂಟಿಗ್ರೇಡನ್ನೂ ಮೀರುತ್ತದೆ. ಅಲ್ಯುಮಿನಿಯಂ ಕರಗುವುದಾದರೋ 660 ಡಿಗ್ರಿಯಲ್ಲಿ. ಲೋಹವು ಉಳಿದಿರುವುದು ಶಾಖವು ಬಂದಷ್ಟೇ ಬೇಗ ಹೊರಟುಹೋಗುವುದರಿಂದ ಮಾತ್ರ.

ರೆಕ್ಕೆಗಳ ಕೆಲಸ

ಬಿಸಿ ಮೈಯಿಂದ ಗಾಳಿಗೆ ಹೋಗುವ ಶಾಖವು ಮೂರು ಸಂಗತಿಗಳನ್ನು ಅವಲಂಬಿಸಿದೆ: ಗಾಳಿ ತಾಗುವ ಮೈಯ ವಿಸ್ತಾರ, ಮೈಗೂ ಗಾಳಿಗೂ ಇರುವ ಉಷ್ಣತೆಯ ಅಂತರ, ಗಾಳಿ ಬೀಸುವ ವೇಗ. ಉಷ್ಣತೆಯ ಅಂತರ ಹೆಚ್ಚಿದಂತೆ ತಣಿಯುವ ವೇಗವೂ ಹೆಚ್ಚುವುದೆಂಬ ನಿಯಮವನ್ನು ನ್ಯೂಟನ್ 1701ರಲ್ಲಿ ಪ್ರಕಟಿಸಿದನು.

ರೆಕ್ಕೆಗಳಿಲ್ಲದ ಬೋಳು ಸಿಲಿಂಡರಿನ ಅಡ್ಡಳತೆ 8 ಸೆಂಟಿಮೀಟರು, ಎತ್ತರ 10 ಸೆಂಟಿಮೀಟರು ಎಂದುಕೊಂಡರೆ ಅದರ ಮೈ ಸುಮಾರು 250 ಚದರ ಸೆಂಟಿಮೀಟರು. ಗಂಟೆಗೆ 60 ಕಿಲೊಮೀಟರಿನ ಗಾಳಿಯು ಒಂದು ಚದರ ಮೀಟರು ಮೈಯಿಂದ, ಪ್ರತಿ ಡಿಗ್ರಿ ಅಂತರಕ್ಕೆ, ಸುಮಾರು 70 ವಾಟ್ ಶಾಖವನ್ನು ಒಯ್ಯಬಲ್ಲುದು. ಅಂತರವು 120 ಡಿಗ್ರಿ ಇದ್ದರೂ ಬೋಳು ಸಿಲಿಂಡರು ಬಿಟ್ಟುಕೊಡುವುದು 210 ವಾಟ್ ಮಾತ್ರ. ಬೇಕಾದುದು 4000 ವಾಟ್! ಆದುದರಿಂದ ಮೈಯನ್ನು ಇಪ್ಪತ್ತು ಪಾಲಿನಷ್ಟು ಹಿಗ್ಗಿಸಬೇಕು. ಸಿಲಿಂಡರಿನ ಮೇಲೂ ಹೆಡ್ಡಿನ ಮೇಲೂ ಸಾಲುಸಾಲಾಗಿ ಕಾಣುವ ತೆಳುವಾದ ಲೋಹದ ರೆಕ್ಕೆಗಳು ಮಾಡುವ ಕೆಲಸ ಇದೇ. ಅವು ಅಲಂಕಾರಕ್ಕಾಗಿ ಇರುವುವಲ್ಲ.

ಹೆಡ್ಡನ್ನು ಅಲ್ಯುಮಿನಿಯಂ ಮಿಶ್ರಲೋಹದಿಂದ ಮಾಡುವುದಕ್ಕೂ ಕಾರಣವುಂಟು. ಎರಕದ ಕಬ್ಬಿಣಕ್ಕಿಂತ ಅದು ಸುಮಾರು ಮೂರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ರೆಕ್ಕೆಯ ತುದಿಯವರೆಗೂ ಬಿಸಿ ಮುಟ್ಟುತ್ತದೆ. ತುದಿಯು ತಣ್ಣಗಿದ್ದರೆ ಆ ರೆಕ್ಕೆ ಇದ್ದೂ ಇಲ್ಲದಂತೆ. ಕರಾವಳಿಯ ಕೆಮ್ಮಣ್ಣು ರೆಕ್ಕೆಗಳ ಸಂದಿಗಳಲ್ಲಿ ಮೆತ್ತಿ ಒಣಗಿದರೆ ಎಂಜಿನಿಗೆ ಕಂಬಳಿ ಹೊದೆಸಿದಂತಾಗುತ್ತದೆ. ಮಳೆಗಾಲ ಮುಗಿದೊಡನೆ ರೆಕ್ಕೆಗಳನ್ನು ಉಜ್ಜಿ ತೊಳೆಯುವುದು ಹಳೆಯ ಗಾಡಿಗೆ ಮಾಡಬಹುದಾದ ಬಹು ಅಗ್ಗದ ಉಪಚಾರ.

ತೇಲುವ ಉಷ್ಣತೆ

ಎಂಜಿನನ್ನು ಚಾಲೂ ಮಾಡಿದಾಗ ಲೋಹವು ತಣ್ಣಗಿರುತ್ತದೆ. ಗಾಳಿಗೂ ಅದಕ್ಕೂ ಅಂತರವಿಲ್ಲದ ಕಾರಣ ಶಾಖವು ಹೊರಗೆ ಹೋಗದು. ಬಂದ ಶಾಖವು ಕೂಡಿಕೊಂಡು ಲೋಹವು ಬಿಸಿಯೇರುತ್ತದೆ. ಬಿಸಿಯೇರಿದಂತೆ ಅಂತರ ಬೆಳೆದು ವೆಚ್ಚವೂ ಬೆಳೆಯುತ್ತದೆ. ಕೆಲವು ನಿಮಿಷಗಳಲ್ಲಿ ಆಯ ವ್ಯಯಗಳೆರಡೂ ಸಮವಾಗಿ ಉಷ್ಣತೆಯು ಒಂದೆಡೆ ನಿಲ್ಲುತ್ತದೆ. ಇದನ್ನು ಸಮತೋಲದ ಉಷ್ಣತೆ ಎನ್ನಬಹುದು. ನಮ್ಮ ಪ್ರಶ್ನೆಗೆ ಉತ್ತರದ ತಿರುಳು ಇಲ್ಲಿದೆ: ಗಾಳಿಯಿಂದ ತಣಿಯುವ ಎಂಜಿನಿಗೆ ನಿಗದಿಯಾದ ಒಂದು ಉಷ್ಣತೆಯೆಂಬುದಿಲ್ಲ. ಹೊಳೆಯ ನೀರಿನ ಮಟ್ಟದೊಡನೆ ದೋಣಿಯು ಏರಿಳಿಯುವಂತೆ, ಹೊರೆ ಮತ್ತು ಗಾಳಿಗಳೊಡನೆ ಅದು ಏರಿಳಿಯುತ್ತದೆ.

ಇದರಿಂದ ಒಂದು ಕುತೂಹಲದ ನಿರ್ಣಯಕ್ಕೆ ಬರುತ್ತೇವೆ. ಏಪ್ರಿಲ್-ಮೇ ತಿಂಗಳಲ್ಲಿ ಕಾಯ್ಕಿಣಿಯ ಗಾಳಿ ಸುಮಾರು 33 ಡಿಗ್ರಿ ಇದ್ದರೆ ಕಲಬುರಗಿಯಲ್ಲಿ 42 ಡಿಗ್ರಿಯಾಗುವುದುಂಟು. ಆದರೂ ಕರಾವಳಿಯ ಸೆಕೆ ಸಹಿಸಲಸಾಧ್ಯವೆಂದು ನಮಗೆ ತೋರುತ್ತದೆ. ಕಾರಣ, ನಾವು ತಣಿಯುವುದು ಬೆವರು ಆರುವುದರಿಂದ. ತೇವ ತುಂಬಿದ ಗಾಳಿಯಲ್ಲಿ ಬೆವರು ಆರದು. ಎಂಜಿನು ಬೆವರುವುದಿಲ್ಲ. ಗಾಳಿಯ ತೇವವು ಅದಕ್ಕೆ ಲೆಕ್ಕಕ್ಕಿಲ್ಲ. ಗಾಳಿಯ ಉಷ್ಣತೆ ಮಾತ್ರ ಲೆಕ್ಕ. ಆದುದರಿಂದ ಸವಾರನು ಬೆವರಿ ಬಳಲುತ್ತಿರುವ ಕಾಯ್ಕಿಣಿಯಲ್ಲಿ ಎಂಜಿನು ಕಲಬುರಗಿಗಿಂತ ಸುಮಾರು 9 ಡಿಗ್ರಿ ತಂಪಾಗಿಯೇ ಓಡುತ್ತದೆ. ಇನ್ನು, ಈ 9 ಡಿಗ್ರಿಯೂ ದೊಡ್ಡ ಸಂಗತಿಯಲ್ಲ. ಅದಕ್ಕಿಂತ ಬಹಳ ದೊಡ್ಡ ಏರಿಕೆಯು ಕರಾವಳಿಯನ್ನು ಬಿಟ್ಟು ಮೇಲೇರುವ ದಾರಿಯಲ್ಲಿ ಕಾದಿರುತ್ತದೆ.

ಘಟ್ಟದ ಲೆಕ್ಕ

ಕಾಯ್ಕಿಣಿಯಿಂದ ಉತ್ತರಕ್ಕೆ ಹೊನ್ನಾವರದವರೆಗೆ ಕಡಲಂಚಿನ ಹೆದ್ದಾರಿ. ಅಲ್ಲಿಂದ ಪೂರ್ವಕ್ಕೆ ತಿರುಗಿ ಗೇರುಸೊಪ್ಪೆಯನ್ನು ದಾಟಿದರೆ ಸಾಗರದ ಕಡೆಗೆ ಹೋಗುವ ದಾರಿಯು ಮಲೆಮನೆ ಘಟ್ಟವನ್ನು ಏರುತ್ತದೆ. ಕುಮಟೆಯಿಂದ ಶಿರಸಿಗೆ ಹೋಗುವವರಿಗೆ ದೇವಿಮನೆ ಘಟ್ಟವುಂಟು. ಇಂಥ ಏರಿನಲ್ಲಿ, ಪ್ರತಿ 12 ಮೀಟರಿಗೆ 1 ಮೀಟರು ಮೇಲೇರುವ ಭಾಗವೊಂದರಲ್ಲಿ, ನಮ್ಮ ಜಾವಾ ಇಬ್ಬರನ್ನು ಹೊತ್ತು ಗಂಟೆಗೆ 30 ಕಿಲೊಮೀಟರು ವೇಗದಿಂದ ಹೋಗುತ್ತಿದೆಯೆಂದು ಭಾವಿಸೋಣ. ಗಾಡಿ ಮತ್ತು ಸವಾರರ ಒಟ್ಟು ತೂಕ 270 ಕಿಲೊಗ್ರಾಂ.

ಗಾಡಿಯು ಸೆಕೆಂಡಿಗೆ 8.3 ಮೀಟರು ಸಾಗುತ್ತ 0.69 ಮೀಟರು ಮೇಲಕ್ಕೆ ಏರುತ್ತದೆ. 270 ಕಿಲೊಗ್ರಾಂ ತೂಕವನ್ನು ಈ ವೇಗದಲ್ಲಿ ಎತ್ತಲು ಸುಮಾರು 1840 ವಾಟ್ ಬೇಕು. ದಾರಿಯ ಮತ್ತು ಗಾಳಿಯ ತಡೆಗಾಗಿ ಇನ್ನು 650 ವಾಟ್ ಸೇರಿಸಿದರೆ ಒಟ್ಟು ಸುಮಾರು ಎರಡೂವರೆ ಕಿಲೊವಾಟ್. ಸಮತಟ್ಟಿನಲ್ಲಿ ಗಂಟೆಗೆ 60 ಕಿಲೊಮೀಟರು ಓಡಲು ಬೇಕಾಗುವುದೂ ಹೆಚ್ಚುಕಡಿಮೆ ಇಷ್ಟೇ. ಅಂದರೆ ಎಂಜಿನು ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಪೆಟ್ರೋಲು ಸುಡುತ್ತಿದೆ. ಲೋಹಕ್ಕೆ ಸೇರುವ ಶಾಖವೂ ಅದೇ 4 ಕಿಲೊವಾಟ್. ಆದರೆ ರೆಕ್ಕೆಗಳಿಗೆ ಸಿಗುವ ಗಾಳಿಯ ವೇಗ ಮಾತ್ರ ಅರ್ಧ!

ಗಾಳಿಯ ವೇಗ ಅರ್ಧವಾದಾಗ ಅದು ಒಯ್ಯುವ ಶಾಖವು ಅರ್ಧಕ್ಕೆ ಇಳಿಯದೆ ಐದರಲ್ಲಿ ಮೂರು ಪಾಲಿನಷ್ಟಾಗುತ್ತದೆ. ಅದೇ 4 ಕಿಲೊವಾಟ್ ಹೊರಹೋಗಬೇಕಾದರೆ ಉಷ್ಣತೆಯ ಅಂತರವು 120ರಿಂದ 200 ಡಿಗ್ರಿಗೆ ಏರಬೇಕು. ಗಾಳಿ 33 ಡಿಗ್ರಿಯದಾದರೆ ಸಮತಟ್ಟಿನಲ್ಲಿ 153 ಡಿಗ್ರಿ ಇದ್ದ ಲೋಹವು ಘಟ್ಟದಲ್ಲಿ 233 ಡಿಗ್ರಿಯಾಗುತ್ತದೆ. ಇದು ಸ್ಥೂಲವಾದ ಲೆಕ್ಕ. ಗಾಡಿಯಿಂದ ಗಾಡಿಗೆ ಸಂಖ್ಯೆಗಳು ಬದಲಾಗುವುವು. ಆದರೆ ಸ್ವರೂಪ ಬದಲಾಗದು. ಕಲಬುರಗಿಯ ಬೇಸಗೆ ಕೂಡಿಸಿದ್ದು 9 ಡಿಗ್ರಿ. ಘಟ್ಟ ಕೂಡಿಸಿದ್ದು 80 ಡಿಗ್ರಿ. ಎಂಜಿನನ್ನು ಬೇಯಿಸುವುದು ಬಿಸಿಲಿಗಿಂತ ಹೆಚ್ಚಾಗಿ ಹೊರೆಗೂ ಗಾಳಿಗೂ ನಡುವಣ ಅಸಮತೆ.

ಅಪಾಯವು ಮೊದಲ ತಿರುವಿನಲ್ಲಿ ಕಾಣಿಸದು. ಲೋಹವು ಬಿಸಿಯೇರಲು ಕೆಲವು ನಿಮಿಷ ಬೇಕು. ಮೊದಲ ಎರಡು ಮೂರು ಕಿಲೊಮೀಟರು ಗಾಡಿಯು ಸಲೀಸಾಗಿ ಏರಿತೆಂದು ನಂಬಿ ವೇಗ ಹೆಚ್ಚಿಸಿದವನಿಗೆ ಘಟ್ಟದ ನಡುವೆ ತೊಂದರೆ ಎದುರಾಗುವುದು ಇದರಿಂದಲೇ.

ಬಿಗಿಯುವ ಪಿಸ್ಟನ್ನು

ತೊಂದರೆ ಎಂತಹುದು? ಜಾವಾದ ಪಿಸ್ಟನ್ನು ಅಲ್ಯುಮಿನಿಯಂ ಮಿಶ್ರಲೋಹದ್ದು, ಸಿಲಿಂಡರು ಎರಕದ ಕಬ್ಬಿಣದ್ದು. ಒಂದೇ ಪ್ರಮಾಣದಲ್ಲಿ ಬಿಸಿಯಾದರೆ ಅಲ್ಯುಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಮೇಲಾಗಿ ಪಿಸ್ಟನ್ನು ಬೆಂಕಿಯ ಎದುರಿಗಿರುತ್ತದೆ. ರೆಕ್ಕೆಗಳ ತಂಪು ಅದಕ್ಕೆ ನೇರವಾಗಿ ದೊರೆಯದು. 65 ಮಿಲಿಮೀಟರು ಅಡ್ಡಳತೆಯ ಪಿಸ್ಟನ್ನಿನ ತಲೆಯು 200 ಡಿಗ್ರಿ ಬಿಸಿಯೇರಿದರೆ ಸುಮಾರು 0.26 ಮಿಲಿಮೀಟರು ಹಿಗ್ಗುತ್ತದೆ. ಸಿಲಿಂಡರು 120 ಡಿಗ್ರಿ ಏರಿದರೆ ಹಿಗ್ಗುವುದು 0.09 ಮಿಲಿಮೀಟರು ಮಾತ್ರ. ಈ ವ್ಯತ್ಯಾಸಕ್ಕೆ ಎಡೆ ಇರಲೆಂದೇ ಪಿಸ್ಟನ್ನಿನ ತಲೆಯನ್ನು ಬುಡಕ್ಕಿಂತ ಸಣ್ಣದಾಗಿ ಕಡೆದಿರುತ್ತಾರೆ.

ಆ ಎಡೆಯೂ ಮುಗಿದರೆ ನಡುವಣ ಎಣ್ಣೆಯ ಪೊರೆ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಪಿಸ್ಟನ್ನು ಸಿಲಿಂಡರಿನೊಳಗೆ ಬಿಗಿದುಕೊಳ್ಳುತ್ತದೆ. ಮೆಕ್ಯಾನಿಕರು ‘ಸೀಜ್ ಆಯಿತು’ ಎನ್ನುವುದು ಇದನ್ನೇ. ಒಡನೆಯೇ ಹಿಂದಿನ ಚಕ್ರವೂ ತಿರುಗದೆ ನಿಲ್ಲುತ್ತದೆ. ಒಂದೆಡೆ ಗುಡ್ಡ, ಒಂದೆಡೆ ಕಣಿವೆಯಿರುವ ತಿರುವಿನಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಮುನ್ಸೂಚನೆಗಳು ಉಂಟು: ಥ್ರಾಟಲು ತಿರುವಿದಷ್ಟು ಎಳೆತವಿರದು, ಸದ್ದು ಒರಟಾಗುತ್ತದೆ, ಒಳಗೆ ಕಿಟಿಕಿಟಿ ಎಂಬ ಲೋಹದ ದನಿ ಕೇಳುತ್ತದೆ. ಆಗ ಕ್ಲಚ್ಚನ್ನು ಹಿಡಿದು, ಗಾಡಿಯನ್ನು ಬದಿಗೆ ತರಬೇಕು. ಬಿಸಿ ಎಂಜಿನಿನ ಮೇಲೆ ಕೊಡದಿಂದ ನೀರು ಸುರಿಯಲೇಬಾರದು. ಹೊರಗಿನ ಸಿಲಿಂಡರು ಥಟ್ಟನೆ ಕುಗ್ಗಿ ಒಳಗಿನ ಪಿಸ್ಟನ್ನನ್ನು ಇನ್ನಷ್ಟು ಬಿಗಿಯುವುದು. ಎರಕದ ಲೋಹವು ಸೀಳಲೂಬಹುದು.

ಇಳಿಜಾರಿನಲ್ಲೂ ಒಂದು ಎಚ್ಚರಿಕೆ ಬೇಕು. ಈ ಜಾತಿಯ ಎಂಜಿನಿಗೆ ಎಣ್ಣೆಯು ಪೆಟ್ರೋಲಿನೊಡನೆ ಬೆರೆತೇ ಬರುತ್ತದೆ. ಥ್ರಾಟಲನ್ನು ಪೂರ್ತಿ ಮುಚ್ಚಿ, ಗೇರಿನಲ್ಲೇ ಬಹುದೂರ ಇಳಿದರೆ ಪಿಸ್ಟನ್ನು ವೇಗವಾಗಿ ಆಡುತ್ತಿದ್ದರೂ ಎಣ್ಣೆ ಸಾಲದಾಗುತ್ತದೆ. ಆಗಾಗ ಥ್ರಾಟಲನ್ನು ತುಸು ತೆರೆಯುವುದು ಇದಕ್ಕೆ ಪರಿಹಾರ.

ಬೀಸಣಿಗೆಯ ಉಪಾಯ

ಘಟ್ಟದ ಲೆಕ್ಕದಲ್ಲಿ ಕಂಡ ದೋಷವೆಂದರೆ ಗಾಳಿಯು ಗಾಡಿಯ ವೇಗವನ್ನು ಅನುಸರಿಸುತ್ತದೆ, ಎಂಜಿನಿನ ದುಡಿಮೆಯನ್ನಲ್ಲ. ಎಂಜಿನಿಗೇ ಒಂದು ಬೀಸಣಿಗೆಯನ್ನು ಕಟ್ಟಿದರೆ ಈ ದೋಷ ಬಹುಮಟ್ಟಿಗೆ ನೀಗುತ್ತದೆ. ಹಳೆಯ ಮಾದರಿಯ ಆಟೋರಿಕ್ಷಾಗಳಲ್ಲಿ ಎಂಜಿನು ಹಿಂಬದಿಯಲ್ಲಿ ಮುಚ್ಚಿಕೊಂಡಿರುತ್ತದೆ. ಎದುರುಗಾಳಿ ಅದಕ್ಕೆ ತಾಗದು. ಅಲ್ಲಿ ಫ್ಲೈವೀಲಿನ ಮೇಲಿರುವ ಅಲಗುಗಳೇ ಗಾಳಿಯನ್ನು ಸಿಲಿಂಡರಿನ ಮೇಲೆ ತಳ್ಳುತ್ತವೆ.

ಇದೇ ಉಪಾಯವನ್ನು ಜರ್ಮನಿಯ ವಿನ್ಯಾಸಕಾರರು ಕಾರುಗಳಲ್ಲಿ ಬೆಳೆಸಿದರು. 1938ರಲ್ಲಿ ಮೊದಲ ರೂಪ ತಳೆದು 2003ರಲ್ಲಿ ಮೆಕ್ಸಿಕೋ ದೇಶದಲ್ಲಿ ತಯಾರಿಕೆ ನಿಲ್ಲುವವರೆಗೆ ಎರಡು ಕೋಟಿಗೂ ಮೀರಿ ಹೊರಬಂದ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನು ಗಾಳಿಯಿಂದಲೇ ತಣಿಯುತ್ತಿತ್ತು. ಅದೇ ಮನೆತನದ ಪೋರ್ಷೆ 911 ಎಂಬ ಪಂದ್ಯದ ಗುಣವುಳ್ಳ ಕಾರು 1963ರಲ್ಲಿ ಪ್ರದರ್ಶಿತವಾಗಿ ಮರುವರ್ಷ ಮಾರಾಟಕ್ಕೆ ಬಂತು. ಹಿಂಬದಿಯಲ್ಲಿ ಆರು ಸಿಲಿಂಡರುಗಳ, 2 ಲೀಟರಿನ, 130 ಅಶ್ವಶಕ್ತಿಯ ಎಂಜಿನು. ಅದರ ನೆತ್ತಿಯ ಮೇಲೆ ಪಟ್ಟಿಯಿಂದ ತಿರುಗುವ ದೊಡ್ಡ ಬೀಸಣಿಗೆ. ಇಂಥ ಕಾರು ಘಟ್ಟವನ್ನು ಏರುವಾಗ ಕೆಳಗಿನ ಗೇರಿಗೆ ಬದಲಾಯಿಸಿದರೆ ಎಂಜಿನೂ ಬೀಸಣಿಗೆಯೂ ಒಟ್ಟಿಗೆ ವೇಗವಾಗಿ ತಿರುಗುತ್ತವೆ. ಗಾಡಿ ನಿಧಾನವಾದರೂ ಗಾಳಿ ನಿಧಾನವಾಗದು. ಮೇಲಿನ ಗೇರಿನಲ್ಲಿ ಎಳೆಯಿಸಿದರೆ ಹೊರೆ ಹೆಚ್ಚು, ಗಾಳಿ ಕಡಿಮೆ. ಬೀಸಣಿಗೆಯುಳ್ಳ ಎಂಜಿನಿನಲ್ಲಿ ಗೇರಿನ ಆಯ್ಕೆಯೂ ತಣಿಸುವ ಉಪಾಯವೆಂಬುದು ಇದರ ಸಾರ.

ಪೋರ್ಷೆಯಲ್ಲಿ ಎರಡನೆಯ ಸಹಾಯಕ ಎಣ್ಣೆ. ಅದು ಸವೆತ ತಪ್ಪಿಸುವುದರ ಜೊತೆಗೆ ಗಾಳಿ ಮುಟ್ಟಲಾರದ ಒಳಭಾಗಗಳಿಂದ ಶಾಖವನ್ನು ಹೊತ್ತು ತರುತ್ತದೆ. ಬೇರೆಯಾದ ತೊಟ್ಟಿಯಲ್ಲಿ ಎಣ್ಣೆಯ ದಾಸ್ತಾನು, ಅದನ್ನು ತಣಿಸುವ ಪುಟ್ಟ ರೇಡಿಯೇಟರು ಇವೆರಡೂ ಅದಕ್ಕುಂಟು. 1969ರ ಮಾದರಿಯ ಹೆಚ್ಚು ಬಲದ 911 ಎಸ್ ಕಾರಿನಲ್ಲಿ ಮುಂದಿನ ಚಕ್ರದ ಬಳಿ ಇನ್ನೊಂದು ಎಣ್ಣೆಯ ರೇಡಿಯೇಟರನ್ನು ಸೇರಿಸಬೇಕಾಯಿತು. ಬಲ ಹೆಚ್ಚಿದಂತೆ ಗಾಳಿಯೊಂದೇ ಸಾಲದಾಯಿತು. 1998ರಲ್ಲಿ ಗಾಳಿಯಿಂದ ತಣಿಯುವ 911ರ ತಯಾರಿಕೆ ಕೊನೆಗೊಂಡಿತು. ನಮ್ಮಲ್ಲಿಯೂ 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ಬಂದಾಗ ಅದರ ಎಂಜಿನು ದ್ರವದಿಂದ ತಣಿಯುವುದಾಗಿತ್ತು.

ಯಾವ ಉಷ್ಣತೆ, ಎಲ್ಲಿಯ ಉಷ್ಣತೆ?

‘ಎಂಜಿನಿನ ಉಷ್ಣತೆ ಎಷ್ಟು?’ ಎಂಬ ಪ್ರಶ್ನೆಗೆ ‘ಎಲ್ಲಿ?’ ಎಂಬ ಮರುಪ್ರಶ್ನೆಯನ್ನು ಕೇಳದೆ ಉತ್ತರಿಸಲಾಗದು. ಒಂದೇ ಗಳಿಗೆಯಲ್ಲಿ ರೆಕ್ಕೆಯ ತುದಿ ನೂರು ಡಿಗ್ರಿಯ ಆಸುಪಾಸಿನಲ್ಲಿ, ಸ್ಪಾರ್ಕ್ ಪ್ಲಗ್ಗಿನ ಬುಡದ ಲೋಹ ಇನ್ನೂರರ ಹತ್ತಿರ, ಪಿಸ್ಟನ್ನಿನ ತಲೆ ಅದಕ್ಕೂ ಮಿಗಿಲಾಗಿ ಇರಬಹುದು. ಪೋರ್ಷೆಯಂಥ ಕಾರಿನ ಮುಂಫಲಕದಲ್ಲಿರುವ ಮುಳ್ಳು ತೋರಿಸುವುದು ಎಣ್ಣೆಯ ಉಷ್ಣತೆಯನ್ನು. ಅದು 80ರಿಂದ 110 ಡಿಗ್ರಿಯೊಳಗಿದ್ದರೆ ಚಿಂತೆಯಿಲ್ಲ. 120ನ್ನು ದಾಟಿ ನಿಂತರೆ ಎಣ್ಣೆ ತೆಳುವಾಗುವುದರಿಂದ ಎಚ್ಚರಬೇಕು. ನೂರು ಡಿಗ್ರಿಯನ್ನು ಕಂಡು ‘ಕುದಿಯಿತು’ ಎಂದು ಹೆದರುವುದು ನೀರಿನ ಎಂಜಿನಿನಿಂದ ಬಂದ ಅಭ್ಯಾಸ. ಎಣ್ಣೆಯು ನೂರಕ್ಕೆ ಕುದಿಯದು.

ತೀರ ತಣ್ಣಗಿರುವುದೂ ಒಳ್ಳೆಯದಲ್ಲ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಹೆಚ್ಚಿನ ಪಾಲು ಹೊಗೆಯೊಡನೆ ಹೋದರೂ ಸ್ವಲ್ಪವು ಎಣ್ಣೆಯ ತೊಟ್ಟಿಗೆ ಜಿನುಗುತ್ತದೆ. ಎಣ್ಣೆ ಸಾಕಷ್ಟು ಕಾಯದಿದ್ದರೆ ಆ ನೀರು ಅಲ್ಲಿಯೇ ಉಳಿದು ಆಮ್ಲಗಳೊಡನೆ ಕೂಡಿ ಲೋಹವನ್ನು ತಿನ್ನುತ್ತದೆ. ದಿನವೂ ಅರ್ಧ ಮೈಲಿ ಮಾತ್ರ ಓಡುವ ಗಾಡಿ ಬೇಗ ಹಾಳಾಗಲು ಇದೊಂದು ಕಾರಣ.

ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ ಯಾವುದಕ್ಕೂ ಬಾರದು. ನಮ್ಮ ಚರ್ಮವು 60 ಡಿಗ್ರಿಯ ಲೋಹವನ್ನೇ ತಾಳಲಾರದು. 100 ಮತ್ತು 230 ಎರಡೂ ಅದಕ್ಕೆ ಒಂದೇ, ಎರಡೂ ಸುಡುತ್ತವೆ. ಅದಕ್ಕಿಂತ ದೋಸೆಕಾವಲಿಯ ಪರೀಕ್ಷೆ ಮೇಲು. ಬೆರಳಿನಿಂದ ಒಂದೆರಡು ಹನಿ ನೀರನ್ನು ಹೆಡ್ಡಿನ ಮೇಲೆ ಚಿಮುಕಿಸಬೇಕು. ಹನಿ ಸದ್ದಿಲ್ಲದೆ ಆರಿದರೆ ಉಷ್ಣತೆ ನೂರರ ಕೆಳಗೆ. ಚುಂಯ್ ಎಂದು ಕುದಿದು ಆರಿದರೆ ನೂರರ ಮೇಲೆ. ಹನಿಯು ಮಣಿಯಂತೆ ದುಂಡಾಗಿ ಉರುಳಾಡಿದರೆ ಇನ್ನೂರನ್ನು ಮುಟ್ಟಿದೆ ಅಥವಾ ಮೀರಿದೆ. ತನ್ನ ಆವಿಯ ಪದರದ ಮೇಲೆಯೇ ಹನಿ ತೇಲುವ ಈ ವಿದ್ಯಮಾನವನ್ನು ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯನು 1756ರಲ್ಲಿ ವಿವರಿಸಿದನು. ಗಾಡಿ ನಿಂತ ಕೂಡಲೆ ಗಾಳಿಯೂ ನಿಲ್ಲುವುದರಿಂದ ಒಳಗಿನ ಶಾಖ ಹೊರಕ್ಕೆ ಹರಡಿ, ಹೊರಮೈ ಸ್ವಲ್ಪ ಹೊತ್ತು ಇನ್ನಷ್ಟು ಬಿಸಿಯಾಗುವುದನ್ನೂ ಇದರಿಂದ ಕಾಣಬಹುದು.

ಸವಾರನಿಗೆ, ವಿದ್ಯಾರ್ಥಿಗೆ

ಲೆಕ್ಕದಿಂದ ದೊರೆಯುವ ವ್ಯಾವಹಾರಿಕ ಪಾಠಗಳು ಕೆಲವೇ. ಘಟ್ಟದಲ್ಲಿ ಹೊರೆ ಇಳಿಸಿದಷ್ಟೂ ಲಾಭ. ಹಿಂದೆ ಕುಳಿತವರು ಬೇರೆ ಗಾಡಿಯಲ್ಲಿ ಬಂದು ತೂಕವು 270ರಿಂದ 200 ಕಿಲೊಗ್ರಾಮಿಗೆ ಇಳಿದರೆ, ಉಷ್ಣತೆಯ ಅಂತರವು 200ರಿಂದ ಸುಮಾರು 150 ಡಿಗ್ರಿಗೆ ಇಳಿಯುತ್ತದೆ. ‘ಹೆಚ್ಚು ಗಾಳಿ ಸಿಗಲಿ’ ಎಂದು ಏರಿನಲ್ಲಿ ವೇಗ ಹೆಚ್ಚಿಸುವುದು ತಪ್ಪು. ವೇಗದೊಡನೆ ಶಾಖ ಬೆಳೆಯುವಷ್ಟು ತಣಿವು ಬೆಳೆಯದು. ಎಂಜಿನು ಹೆಣಗದಂಥ ಗೇರಿನಲ್ಲಿ ನಿಧಾನವಾಗಿ ಏರುವುದೂ, ನಡುವೆ ಹತ್ತು ನಿಮಿಷ ತಂಗುವುದೂ ಲೇಸು.

ವಿದ್ಯಾರ್ಥಿಗಳು ಈ ವಿಷಯವನ್ನು ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಲ್ಲಿ 80 ಡಿಗ್ರಿಯ ನೀರನ್ನು ತುಂಬಿ ಮುಚ್ಚಳ ಹಾಕಿ, ಮುಚ್ಚಳದ ತೂತಿನಲ್ಲಿ ಥರ್ಮಾಮೀಟರನ್ನು ಇಳಿಬಿಡಬೇಕು. ಮುಚ್ಚಳವಿಲ್ಲದಿದ್ದರೆ ನೀರು ಆವಿಯಾಗಿ, ನಮ್ಮ ಲೋಟವು ಎಂಜಿನಿನಂತಿರದೆ ಬೆವರುವ ಮನುಷ್ಯನಂತಾಗುವುದು. ಒಂದನ್ನು ಬೀಸಣಿಗೆಯ ಎದುರಿಗೂ ಇನ್ನೊಂದನ್ನು ಗಾಳಿಯಾಡದ ಮೂಲೆಯಲ್ಲೂ ಇರಿಸಿ, ಎರಡೆರಡು ನಿಮಿಷಕ್ಕೆ ಉಷ್ಣತೆಯನ್ನು ಬರೆದು ನಕ್ಷೆ ಎಳೆಯಬೇಕು. ಬಳಿಕ ಬೀಸಣಿಗೆಯ ವೇಗ ಬದಲಾಯಿಸಿ ಮತ್ತೊಮ್ಮೆ ಮಾಡಬೇಕು. ಎರಡು ವಕ್ರರೇಖೆಗಳನ್ನು ಒಂದೇ ಕಾಗದದ ಮೇಲೆ ನೋಡಿದಾಗ, ಘಟ್ಟದ ತಿರುವಿನಲ್ಲಿ ಎಂಜಿನಿಗೆ ಏನಾಗುತ್ತದೆಂಬುದು ಯಾರ ವಿವರಣೆಯೂ ಇಲ್ಲದೆ ಸ್ಪಷ್ಟವಾಗುವುದು.